ಹೂಡುವುದೂ ಒಡ್ಡುವುದೂ

‘ಸಣ್ಣ ಮೊತ್ತ’ ಎಂಬ ಮಾತಿನಷ್ಟು ಸಾಧುವಾಗಿ ಕಾಣುವ ಮಾತು ಇಂದಿನ ಕನ್ನಡದಲ್ಲಿ ಇನ್ನೊಂದು ಇದ್ದಂತೆ ತೋರದು. ಅದಕ್ಕೆ ಕೋರೆಯಿಲ್ಲ, ಕೊಂಬಿಲ್ಲ. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊ ನಾಣ್ಯಗಳಲ್ಲಿ ಹಣ ತೊಡಗಿಸಬಹುದೇ ಎಂದು ಹೊಸಬನೊಬ್ಬ ಕೇಳಿದನೆನ್ನಿ, ತಿಳಿದವರೆನಿಸಿಕೊಂಡವರು ಕೊಡುವ ಉತ್ತರ ಒಂದೇ: “ಸಣ್ಣ ಮೊತ್ತ ಹಾಕಿ ನೋಡು. ಬಂದರೆ ಬಂತು, ಹೋದರೆ ಹೋಯಿತು.” ಕೇಳಿದವನಿಗೆ ಹಿತ, ಹೇಳಿದವನಿಗೆ ಕ್ಷೇಮ. ಈ ಉತ್ತರವನ್ನು ಖಂಡಿಸುವುದಕ್ಕಾಗಿಯೇ ನಾನು ಲೇಖನಿ ಹಿಡಿದಿದ್ದೇನೆ. ಖಂಡಿಸುವುದಕ್ಕೆ ಮೊದಲು ಒಂದು ವಿಷಯವನ್ನು ಒಪ್ಪಿಕೊಂಡುಬಿಡುವುದು ಮರ್ಯಾದೆ: ಈ ಉತ್ತರ ಕೊಟ್ಟವರಲ್ಲಿ ನಾನೂ ಒಬ್ಬ.

೨೦೨೫ರ ಜುಲೈ ತಿಂಗಳು. ನಮ್ಮ ತ್ಯಾವಣಿಗೆಯ ಬಸ್ ನಿಲ್ದಾಣದ ಬಳಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ, ಈಗ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವವನು, ಬಂದು ನಮಸ್ಕರಿಸಿ ಕೇಳಿದ: “ಸಾರ್, ಕ್ರಿಪ್ಟೊಗೆ ಐದು ಸಾವ್ರ ಹಾಕ್ಲೇನ್ರಿ? ನನ್ ಸಂಬಳದ್ದೇ. ಹೋದ್ರೆ ಐದೇ ಸಾವ್ರ ಅಲ್ವ್ರಾ?” ಮೆಣಸಿನಕಾಯಿ ಬಿಸಿಯಾಗಿತ್ತು, ಮಳೆ ಬರುವಂತಿತ್ತು. “ಐದೇ ಸಾವಿರ ತಾನೆ? ನಿನ್ನಿಷ್ಟ” ಎಂದು ಹೇಳಿ ಮನೆಗೆ ನಡೆದೆ. ಬೇಡವೆಂದು ಹೇಳಲು ನನಗೆ ವಿಷಯ ತಿಳಿದಿರಲಿಲ್ಲ; ತಿಳಿಯದೆಂದು ಹೇಳಲು ಮೇಷ್ಟರತನ ಅಡ್ಡ ಬಂತು.

ಮುಂದೆ ನಡೆದದ್ದು ಇಷ್ಟು. ಅವನ ಐದು ಸಾವಿರ ಎರಡೂವರೆ ತಿಂಗಳಲ್ಲಿ ಏಳು ಸಾವಿರವಾಯಿತು. ಏಳು ಸಾವಿರವಾದದ್ದೇ ಕೇಡಿಗೆ ಮೂಲ. ಅವನ ತಂದೆ ತೋಟವನ್ನು ಖೇಣಿಗೆ ಕೊಟ್ಟಿದ್ದರು; ಖೇಣಿದಾರ ಕೊಟ್ಟ ಮುಂಗಡದಲ್ಲಿ ಅರವತ್ತು ಸಾವಿರ, ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆಂದು, ಮಗನ ಖಾತೆಯಲ್ಲಿತ್ತು. ಫೀಸು ಕಟ್ಟಲು ಡಿಸೆಂಬರಿನ ತನಕ ಅವಕಾಶ. ಅಕ್ಟೋಬರ್ ಮೊದಲ ವಾರದಲ್ಲಿ ಇವನು ಹಳೆಯ ನಾಣ್ಯವನ್ನು ಮಾರಿ, ಏಳಕ್ಕೆ ಅರವತ್ತು ಕೂಡಿಸಿ, ಇನ್ನೂ ವೇಗವಾಗಿ ಏರುತ್ತಿದೆಯೆಂದು ಹೆಸರಾದ ಬೇರೊಂದು ನಾಣ್ಯ ಕೊಂಡ. ಅದೇ ತಿಂಗಳ ೧೦ರಂದು ಜಗತ್ತಿನ ಕ್ರಿಪ್ಟೊ ಪೇಟೆಯೇ ಕುಸಿಯಿತು. ಏಳುತ್ತದೆ, ಏಳುತ್ತದೆ ಎಂದು ಕಾದ. ಡಿಸೆಂಬರಿನಲ್ಲಿ ಮಾರಿದಾಗ ಕೈಗೆ ಬಂದದ್ದು ಮೂವತ್ತೊಂದು ಸಾವಿರ.

ಇಲ್ಲಿ ಯಾರೂ ಅವನಿಗೆ ಮೋಸ ಮಾಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಿಂಗಳಿಗೆ ಶೇಕಡ ೧೦ರಂತೆ ಹದಿನೆಂಟು ತಿಂಗಳು ಕೊಡುತ್ತೇವೆಂದು ಸಾರಿ, ೨೦೧೮ರಲ್ಲಿ ಬಯಲಾದ ಗೇನ್‌ಬಿಟ್‌ಕಾಯಿನ್ ಹಗರಣದಂಥ ಬಲೆಗೆ ಅವನು ಬೀಳಲಿಲ್ಲ. ವಾಟ್ಸಾಪಿನ ಅಪರಿಚಿತನಿಗೆ ಹಣ ಕಳಿಸಲಿಲ್ಲ. ಎಲ್ಲವೂ ಕ್ರಮವಾಗಿಯೇ ನಡೆಯಿತು. ಲೆಕ್ಕವೂ ಕ್ರಮವಾಗಿಯೇ ಇದೆ: ಹಾಕಿದ್ದು ೬೫,೦೦೦, ಬಂದದ್ದು ೩೧,೦೦೦, ಹೋದದ್ದು ೩೪,೦೦೦. ಆದರೆ ೨೦೨೨ರ ಏಪ್ರಿಲ್ ೧ರಿಂದ ನಡೆದುಬಂದಿರುವ ಕಾಯಿದೆಯ ಪ್ರಕಾರ, ಇಂಥ ಒಂದು ನಾಣ್ಯದಲ್ಲಿ ಬಂದ ನಷ್ಟವನ್ನು ಇನ್ನೊಂದರಲ್ಲಿ ಬಂದ ಲಾಭದಿಂದ ಕಳೆಯುವಂತಿಲ್ಲ. ಮೊದಲ ನಾಣ್ಯದ ಲಾಭ ೨,೦೦೦. ಅದರ ಮೇಲೆ ಶೇಕಡ ೩೦ರಂತೆ ತೆರಿಗೆ, ಸೆಸ್ಸನ್ನು ಬಿಟ್ಟೇ, ೬೦೦. ಮೂವತ್ತನಾಲ್ಕು ಸಾವಿರ ಕಳೆದುಕೊಂಡವನು ಲಾಭದ ತೆರಿಗೆ ಕಟ್ಟಬೇಕು! ‘ಸಣ್ಣ ಮೊತ್ತ ಹಾಕು’ ಎಂದ ಮಹನೀಯರಲ್ಲಿ ಎಷ್ಟು ಮಂದಿ ಈ ಲೆಕ್ಕವನ್ನು ಹೊಸಬನಿಗೆ ಹೇಳಿರುತ್ತಾರೆ? ನಾನಂತೂ ಹೇಳಿರಲಿಲ್ಲ.

ಆಮೇಲೆ ಕುಳಿತು ಓದಿದೆ. ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ೨೦೦೮ರ ಅಕ್ಟೋಬರ್ ೩೧ರಂದು ಸತೋಷಿ ನಾಕಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಒಂಬತ್ತು ಪುಟದ ಪ್ರಬಂಧ ಸಾಮಾನ್ಯ ಬುದ್ಧಿಯ ಕೆಲಸವಲ್ಲ. ನಡುವೆ ಬ್ಯಾಂಕಿಲ್ಲದೆ, ಒಬ್ಬರನ್ನೊಬ್ಬರು ನಂಬಬೇಕಾಗಿಯೂ ಇಲ್ಲದೆ, ಲೋಕದ ಸಾವಿರಾರು ಗಣಕಯಂತ್ರಗಳು ಒಂದೇ ಖಾತೆಪುಸ್ತಕವನ್ನು ತಿದ್ದಲಾರದಂತೆ ಬರೆದಿಡುವ ಉಪಾಯ ಅದು. ೨೦೦೯ರ ಜನವರಿಯಲ್ಲಿ ಆ ಪುಸ್ತಕದ ಮೊದಲ ಪುಟ ತೆರೆಯಿತು. ಬಿಟ್‌ಕಾಯಿನ್‌ಗಳ ಒಟ್ಟು ಸಂಖ್ಯೆ ಎರಡು ಕೋಟಿ ಹತ್ತು ಲಕ್ಷವನ್ನು ಮೀರದಂತೆ ನಿಯಮವೂ ಉಂಟು. ಉಪಾಯ ಮೆಚ್ಚತಕ್ಕದ್ದೇ. ಆದರೆ ಖಾತೆಪುಸ್ತಕ ಚೆನ್ನಾಗಿದ್ದ ಮಾತ್ರಕ್ಕೆ ಅದರೊಳಗಿನ ವ್ಯಾಪಾರ ಚೆನ್ನಾಗಿದೆಯೆಂದು ಯಾವ ಶಾನುಭೋಗನೂ ಹೇಳಲಿಲ್ಲ. ೨೦೨೧ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು ೬೯,೦೦೦ ಡಾಲರ್. ಮರುವರ್ಷ ಅದೇ ನವೆಂಬರಿನಲ್ಲಿ ೧೬,೦೦೦ಕ್ಕೂ ಕೆಳಗೆ. ೨೦೨೫ರ ಅಕ್ಟೋಬರಿನಲ್ಲಿ ೧,೨೦,೦೦೦ವನ್ನೂ ಮೀರಿ, ಮುಂದಿನ ತಿಂಗಳಲ್ಲಿ ೯೦,೦೦೦ದ ಕೆಳಗೆ. ಈ ಏರಿಳಿತದ ನಡುವೆ ಆ ನಾಣ್ಯ ಒಂದು ಹಿಡಿ ಭತ್ತ ಬೆಳೆಯಲಿಲ್ಲ, ಒಂದು ಗಜ ಬಟ್ಟೆ ನೇಯಲಿಲ್ಲ, ಒಂದು ಕಾಸು ಬಾಡಿಗೆ ತರಲಿಲ್ಲ. ಒಬ್ಬನಿಗೆ ಬಂದ ಲಾಭ ಅವನ ನಂತರ ಕೊಂಡವನ ಜೇಬಿನಿಂದ ಬರಬೇಕು. ಬೇರೆ ದಾರಿಯೇ ಇಲ್ಲ. ಎಲ್ಲರಿಗಿಂತ ಕೊನೆಗೆ ಬರುವವನು ಯಾರು? ಹೊಸಬ!

ನಾನು ಕನ್ನಡದ ಅಧ್ಯಾಪಕ. ಅರ್ಥಶಾಸ್ತ್ರ ನನ್ನ ವಿಷಯವಲ್ಲವೆಂದು ಯಾರಾದರೂ ಮೂದಲಿಸಬಹುದು. ಹಾಗಿದ್ದರೆ ನನ್ನ ವಿಷಯದಿಂದಲೇ ವಾದಿಸುತ್ತೇನೆ. ಇದನ್ನು ‘ಹೂಡಿಕೆ’ ಎಂದು ಕರೆಯುತ್ತಾರಷ್ಟೆ? ನಮ್ಮಲ್ಲಿ ಎತ್ತು ಹೂಡುತ್ತಾರೆ, ಒಲೆ ಹೂಡುತ್ತಾರೆ, ಸಂಸಾರ ಹೂಡುತ್ತಾರೆ. ಸಂಚು ಹೂಡುವುದೂ ಉಂಟು, ದಾವೆ ಹೂಡುವುದೂ ಉಂಟು. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಹೂಡಿದ ಮೇಲೆ ಹೂಡಿದವನಿಗೆ ಕೆಲಸವಿದೆ: ಎತ್ತು ಹೂಡಿದವನು ಉಳಬೇಕು, ಒಲೆ ಹೂಡಿದವಳು ಬೇಯಿಸಬೇಕು. ಕನ್ನಡದಲ್ಲಿ ಇನ್ನೊಂದು ಕ್ರಿಯಾಪದವಿದೆ, ‘ಒಡ್ಡು’. ಕೈ ಒಡ್ಡುತ್ತೇವೆ, ತಲೆ ಒಡ್ಡುತ್ತೇವೆ, ಪಣ ಒಡ್ಡುತ್ತೇವೆ. ಒಡ್ಡಿದ ಮೇಲೆ ನಮ್ಮ ಕೆಲಸ ಮುಗಿಯಿತು. ಮುಂದಿನದೆಲ್ಲ ಇನ್ನೊಬ್ಬರ ಕೈ. ಐದು ಸಾವಿರ ಹಾಕಿ ಗೊಬ್ಬರದಂಗಡಿಯ ಗಲ್ಲಾದ ಹಿಂದೆ ಕುಳಿತು ಮೊಬೈಲಿನ ಹಸಿರು ಕೆಂಪು ಗೆರೆಗಳನ್ನು ನೋಡುವ ಹುಡುಗ ಮಾಡಿದ್ದು ಹೂಡುವ ಕೆಲಸವೋ, ಒಡ್ಡುವ ಕೆಲಸವೋ? ಒಡ್ಡುವುದನ್ನು ಹೂಡಿಕೆಯೆಂದು ಕರೆದುದೇ ಈ ವ್ಯಾಪಾರದ ಮೊದಲನೆಯ ಸುಳ್ಳು.

ಎದುರುವಾದಗಳನ್ನು ನೋಡೋಣ. ಮೊದಲನೆಯದನ್ನು ಆ ಹುಡುಗನೇ ನನ್ನ ಮುಂದೆ ಇಟ್ಟ: “ನಾವು ಅಡಿಕೆ ಇಟ್ಕಂಡು ರೇಟು ಕಾಯದು ಜೂಜಲ್ಲೇನ್ರಿ ಸಾರ್?” ಚನ್ನಗಿರಿ ತಾಲ್ಲೂಕಿನವನು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರ. ೨೦೧೪ರಲ್ಲಿ ಅಡಿಕೆ ದರ ಆಕಾಶಕ್ಕೇರಿದ್ದನ್ನೂ, ಎರಡೇ ವರ್ಷದಲ್ಲಿ ನೆಲಕ್ಕಿಳಿದದ್ದನ್ನೂ ನಾವು ಕಂಡಿದ್ದೇವೆ. ಏರಿದ ದರವನ್ನು ನಂಬಿ ಗದ್ದೆಗಳನ್ನು ತೋಟ ಮಾಡಿದ್ದೇವೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲೇ ವರ್ಗೀಕರಿಸಿದೆ. ಆದ್ದರಿಂದ ಅಡಿಕೆಯನ್ನು ಹೊಗಳಿ ವಾದ ಗೆಲ್ಲುವ ಧೈರ್ಯ ನನಗಿಲ್ಲ. ಆದರೂ ಭೇದವಿದೆ. ದರ ಬಿದ್ದ ವರ್ಷವೂ ಮರ ನಿಂತಿರುತ್ತದೆ, ನೆಲ ಇರುತ್ತದೆ, ಸುಲಿಯುವವರಿಗೆ ಕೂಲಿ ಸಿಕ್ಕಿರುತ್ತದೆ. ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘದಲ್ಲಿ ತೂಕವಿದೆ, ಟೆಂಡರಿದೆ, ರಶೀದಿಯಿದೆ, ಪ್ರಶ್ನಿಸಲು ಸರ್ವಸದಸ್ಯರ ಸಭೆಯಿದೆ. ದರ ಜೂಜಾಗಿರಬಹುದು, ಬೆಳೆ ಜೂಜಲ್ಲ. ಮತ್ತು ಈಗಾಗಲೇ ಮಳೆಯ ಮುಂದೆ ಒಮ್ಮೆ, ದರದ ಮುಂದೆ ಒಮ್ಮೆ ತಲೆ ಒಡ್ಡುವ ಮನೆಯವರಿಗೆ ಮೂರನೆಯದೊಂದು ಪಣ ಬೇಕೆ? ಅಡಿಕೆಯ ಅನಿಶ್ಚಿತತೆ ಕ್ರಿಪ್ಟೊವಿಗೆ ಸಮರ್ಥನೆಯಲ್ಲ. ಅದರಿಂದ ದೂರವಿರಲು ನಮಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಎರಡನೆಯ ವಾದ: “ಸರ್ಕಾರವೇ ತೆರಿಗೆ ಹಾಕಿದೆ, ಅಂದ ಮೇಲೆ ಭಯವೇನು?” ಹೆಂಡಕ್ಕೂ ಸುಂಕವಿದೆ, ಸುಂಕ ಕಟ್ಟಿದ ಹೆಂಡ ತೀರ್ಥವಾದೀತೆ? ಸರ್ಕಾರದ ನಿಲುವಾದರೂ ಒಂದೇ ಆಗಿ ನಿಂತಿದೆಯೆ? ೨೦೧೮ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಕೂಡದೆಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಮ್ಮ ತುಮಕೂರಿನ ಯುವಕರು ಕಟ್ಟಿದ ಯುನೊಕಾಯಿನ್ ಸಂಸ್ಥೆ ಬೆಂಗಳೂರಿನ ಮಾಲೊಂದರಲ್ಲಿ ಇರಿಸಿದ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. ೨೦೨೦ರ ಮಾರ್ಚ್ ೪ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದುಮಾಡಿತು. ೨೦೨೨ರಲ್ಲಿ ತೆರಿಗೆ ಬಂತು. ತೆರಿಗೆ ಬಂದದ್ದು ನಿಜ, ರಕ್ಷಣೆ ಬಂದಿತೆ? ಬ್ಯಾಂಕಿನಲ್ಲಿಟ್ಟ ಠೇವಣಿಗೆ ೨೦೨೦ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಕ್ರಿಪ್ಟೊವಿಗೆ ಅಂಥ ವಿಮೆ ಒಂದು ರೂಪಾಯಿಯದೂ ಇಲ್ಲ. ೨೦೨೪ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರಕ್ಕೆ ಕನ್ನ ಬಿದ್ದು, ಸುಮಾರು ೨೩ ಕೋಟಿ ಡಾಲರಿನ ಸೊತ್ತು ಹೋಯಿತು. ಅಲ್ಲಿ ನಾಣ್ಯ ಇಟ್ಟಿದ್ದವರು ಒಂದು ವರ್ಷಕ್ಕೂ ಮಿಕ್ಕು ತಮ್ಮದನ್ನು ಮುಟ್ಟಲಾರದೆ ಕಾದರು. ಅವರಲ್ಲಿ ಸಣ್ಣ ಮೊತ್ತದವರೂ ಇದ್ದರು. ಕಳ್ಳ ಕನ್ನ ಕೊರೆಯುವಾಗ ಇವನದು ಸಣ್ಣದು, ಬಿಡೋಣವೆನ್ನುವುದಿಲ್ಲ.

ಮೂರನೆಯ ವಾದವೇ ಎಲ್ಲಕ್ಕಿಂತ ಮಧುರವಾದದ್ದು: “ಸಣ್ಣ ಮೊತ್ತ ಎಂದರೆ ಕಲಿಕೆಯ ಶುಲ್ಕ. ಸ್ವಲ್ಪ ಕಳೆದುಕೊಂಡು ಕಲಿಯಲಿ.” ಅಧ್ಯಾಪಕನಾಗಿ ನನಗೆ ಈ ಮಾತು ಒಂದು ಕ್ಷಣ ಹಿಡಿಸಿತ್ತು. ಆದರೆ ಪಾಠ ಏನೆಂಬುದನ್ನು ವಿಚಾರಿಸಬೇಡವೆ? ಕಳೆದುಕೊಂಡರೆ, ‘ಹೋದದ್ದನ್ನು ಗಳಿಸಿಕೊಳ್ಳಬೇಕು’ ಎಂಬ ಪಾಠ. ಗೆದ್ದರೆ, ‘ಇನ್ನೂ ಹೆಚ್ಚು ಹಾಕಿದ್ದರೆ ಎಷ್ಟಾಗುತ್ತಿತ್ತು’ ಎಂಬ ಪಾಠ. ಎರಡರ ಕೊನೆಯೂ ದೊಡ್ಡ ಮೊತ್ತವೇ. ಆ ಹುಡುಗ ಎರಡು ಸಾವಿರ ಗೆಲ್ಲದಿದ್ದರೆ ಅರವತ್ತು ಸಾವಿರವನ್ನು ಮುಟ್ಟುತ್ತಲೇ ಇರಲಿಲ್ಲ. ನಮ್ಮೂರುಗಳಲ್ಲಿ ಭಾರತದ ವಾಚನ ಕೇಳಿದವರಿಗೆ ಇದು ಹೊಸ ಸಂಗತಿಯಲ್ಲ. ಧರ್ಮರಾಯ ಹಾಸಂಗಿಯ ಮುಂದೆ ಕುಳಿತೊಡನೆ ದ್ರೌಪದಿಯನ್ನು ಪಣಕ್ಕೆ ಒಡ್ಡಲಿಲ್ಲ. ಮೊದಲು ಆಭರಣ, ಆಮೇಲೆ ಭಂಡಾರ, ಆಮೇಲೆ ರಥ, ಆನೆ, ಕುದುರೆ. ಆ ಬಳಿಕ ತಮ್ಮಂದಿರು. ಚಕ್ರವರ್ತಿಗೆ ಆ ಮೊದಲ ಆಭರಣ ಸಣ್ಣ ಮೊತ್ತವೇ ಆಗಿತ್ತು. ಸಭೆಯಲ್ಲಿ ಕುಳಿತ ಹಿರಿಯರು ಆಗಲೇ ಎದ್ದು ಕೈ ಹಿಡಿದಿದ್ದರೆ ಹದಿನೆಂಟು ಪರ್ವ ಬೇಕಾಗುತ್ತಿರಲಿಲ್ಲ.

ಅಲ್ಲದೆ, ಸಣ್ಣದು ಯಾರಿಗೆ? ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ೨೦೨೫–೨೬ರ ಸಾಲಿಗೆ ಗೊತ್ತುಮಾಡಿದ ದಿನಗೂಲಿ ೩೭೦ ರೂಪಾಯಿ. ಐದು ಸಾವಿರವೆಂದರೆ ಹದಿಮೂರು ದಿನಕ್ಕೂ ಮಿಕ್ಕು ಬಿಸಿಲಿನಲ್ಲಿ ಮಣ್ಣು ಹೊತ್ತ ದುಡಿಮೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಂಬಳ ತರುವವನು ‘ಇದು ಹೋದರೂ ಚಿಂತೆಯಿಲ್ಲ’ ಎಂದುಕೊಂಡು ಬರೆದ ಸಲಹೆಯನ್ನು ತ್ಯಾವಣಿಗೆಯ ಗೊಬ್ಬರದಂಗಡಿಯಲ್ಲಿ ಓದುವ ಹುಡುಗ ತನಗೇ ಬರೆದದ್ದೆಂದು ತಿಳಿಯುತ್ತಾನೆ. ಬರೆದವನ ಸಣ್ಣದು ಓದಿದವನ ತಿಂಗಳ ಅನ್ನ.

ಹಾಗಾದರೆ ಹೊಸಬ ಏನು ಮಾಡಬೇಕು? ನನ್ನ ಉತ್ತರ ಚಿಕ್ಕದು: ಬೇಡ. ಮೊದಲು ಮೈಮೇಲಿನ ಸಾಲ ತೀರಲಿ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಕೂಡಲಿ. ಮನೆಯವರ ಆಸ್ಪತ್ರೆಗೆ, ಓದಿಗೆ ದಾರಿಯಾಗಲಿ. ಇಷ್ಟಾದ ಮೇಲೂ ಹಣ ಉಳಿದು ಕುತೂಹಲ ಕಾಡಿದರೆ, ಕಂಪನಿ ನಾಟಕಕ್ಕೆ ಟಿಕೆಟು ಕೊಂಡಂತೆ ಕೊಳ್ಳಲಿ; ಟಿಕೆಟಿನ ಹಣ ಮರಳುವುದೆಂದು ಯಾರೂ ಕಾಯುವುದಿಲ್ಲ. ಹೂಡಲೇಬೇಕೆಂಬ ಆಸೆಯಿದ್ದರೆ ನಮ್ಮ ತಾಲ್ಲೂಕಿನಲ್ಲೇ ಸೂಳೆಕೆರೆಯಿದೆ. ಶತಮಾನಗಳ ಹಿಂದೆ ಕಟ್ಟಿದವರು ಇಲ್ಲ. ಅವರ ಹೂಡಿಕೆ ಇಂದೂ ಗದ್ದೆಗೆ ನೀರು ಬಿಡುತ್ತಿದೆ. ಅಷ್ಟು ದೊಡ್ಡದು ನಮ್ಮಿಂದಾಗದು, ನಿಜ. ತಂಗಿಯ ಫೀಸು ಕಟ್ಟುವುದು ಆಗುತ್ತದೆ. ಓದು ಮುಗಿಸಿ ಅವಳು ಆಸ್ಪತ್ರೆಯೊಂದರಲ್ಲಿ ರೋಗಿಯ ಕೈ ಹಿಡಿಯುವ ದಿನ ಬಂದೀತಲ್ಲ, ಹೂಡಿಕೆಯೆಂದರೆ ಅದು.

ಆ ಫೀಸು ಕೊನೆಗೆ ಕಟ್ಟಿದ್ದಾಯಿತು. ಅವರ ತಾಯಿ ಕೊರಳ ಸರವನ್ನು ಅಡವಿಟ್ಟರು. ಕೊರತೆ ಬಿದ್ದದ್ದನ್ನು ನಾನು ಹಾಕಿದೆ. ಅದು ದಾನವಲ್ಲ, ದಂಡ. ಮೊನ್ನೆ ಹುಡುಗ ಸಿಕ್ಕಿ, “ನೀವೇನ್ ತಪ್ ಮಾಡಿದ್ರಿ ಸಾರ್? ನಿನ್ನಿಷ್ಟ ಅಂದ್ರಿ ಅಷ್ಟೇ” ಎಂದ. ಅಷ್ಟೇ ಅಂದದ್ದು ತಪ್ಪಾಯಿತು. ಕೇಳಲು ಬಂದ ಕಿರಿಯನಿಗೆ ‘ಬೇಡ’ ಎನ್ನಬೇಕಾದ ಕಡೆ ‘ನಿನ್ನಿಷ್ಟ’ ಎನ್ನುವುದು ಔದಾರ್ಯವಲ್ಲ, ಸೋಮಾರಿತನ. ಇನ್ನು ಮುಂದೆ ಯಾರಾದರೂ ಬಂದು “ಸಣ್ಣ ಮೊತ್ತ ಸಾರ್” ಎಂದರೆ, ಮೆಣಸಿನಕಾಯಿ ಆರಿದರೆ ಆರಲಿ, ಮಳೆ ಬಂದರೆ ಬರಲಿ, ಪಕ್ಕದ ಕಟ್ಟೆಯ ಮೇಲೆ ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಹೇಳಿಯೇ ಕಳಿಸುತ್ತೇನೆ.