ಬಜಪೆಯಲ್ಲಿ ಇಳಿದವರು ರೈಲು ಹತ್ತಲಿ

ಬಜಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಅನೇಕರ ಗುರಿ ಮಂಗಳೂರಲ್ಲ. ಸುಬ್ರಹ್ಮಣ್ಯ, ಸಕಲೇಶಪುರ ಮೊದಲಾದ ಘಟ್ಟದ ಊರುಗಳು. ಹೊರಬಂದೊಡನೆ ಅವರಿಗೆ ಕಾಣುವುದು ಟ್ಯಾಕ್ಸಿಗಳ ಸಾಲು. ರೈಲಿನ ವೇಳೆ ತಿಳಿಯದು, ನಿಲ್ದಾಣದ ದಾರಿ ತಿಳಿಯದು. ಕೊನೆಗೆ ಒಬ್ಬರಿಗೋ ಇಬ್ಬರಿಗೋ ಒಂದೊಂದು ಕಾರು ಶಿರಾಡಿ ಘಟ್ಟ ಹತ್ತುತ್ತದೆ. ಈ ದುಂದಿಗೆ ಕಾರಣ ಶ್ರೀಮಂತಿಕೆಗಿಂತ ಹೆಚ್ಚಾಗಿ ಮುಂದಾಲೋಚನೆಯ ಕೊರತೆ.

ಮಂಗಳೂರಿನಲ್ಲಿ ಎರಡು ಮುಖ್ಯ ರೈಲು ನಿಲ್ದಾಣಗಳಿವೆ: ಊರ ನಡುವಿನ ಸೆಂಟ್ರಲ್ ಮತ್ತು ಪಡೀಲು ಬಳಿಯ ಜಂಕ್ಷನ್. ತಮ್ಮ ರೈಲು ಎಲ್ಲಿಂದ ಹೊರಡುತ್ತದೆಂಬುದನ್ನು ಪ್ರವಾಸಿಗರು ಮೊದಲೇ ತಿಳಿದಿರಬೇಕು. ಬಜಪೆ ಪೇಟೆಯಿಂದ ಸ್ಟೇಟ್‌ಬ್ಯಾಂಕಿಗೆ ಬಸ್ಸುಗಳಿವೆ. ಅಲ್ಲಿಂದ ಸೆಂಟ್ರಲ್ ದೂರವಲ್ಲ. ಸುಬ್ರಹ್ಮಣ್ಯ ರೋಡ್, ಅಂದರೆ ನೆಟ್ಟಣದವರೆಗಿನ ಪ್ಯಾಸೆಂಜರ್ ರೈಲಿಗೆ ಮುಂಗಡ ಕಾದಿರಿಸಬೇಕಾಗಿಲ್ಲ. ಆದರೆ ಘಟ್ಟ ಹತ್ತುವ ರೈಲುಗಳು ಕೆಲವೇ. ಆದ್ದರಿಂದ ವಿಮಾನದ ದಿನ ಗೊತ್ತುಮಾಡುವ ಮುನ್ನವೇ ರೈಲಿನ ದಿನ ನೋಡಿಕೊಳ್ಳುವುದು ಜಾಣತನ. ಮುಂಗಡ ಕಾದಿರಿಸುವ ಅವಧಿಯು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ. ತಡಮಾಡಿ ತತ್ಕಾಲ್‌ಗೆ ಹೋದರೆ ದರ ಹೆಚ್ಚು. ಖಚಿತಗೊಂಡ ತತ್ಕಾಲ್ ಟಿಕೆಟನ್ನು ರದ್ದುಪಡಿಸಿದರೆ ಹಣವೂ ಮರಳದು.

ಹಲವು ಊರು ನೋಡಬಯಸುವವರಿಗೆ ಇನ್ನೊಂದು ಅನುಕೂಲವಿದೆ. ರೈಲು ದರದಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ಖರ್ಚು ಇಳಿಯುತ್ತದೆ. ಹೊರಟಲ್ಲಿಗೇ ಮರಳುವ ವರ್ತುಲ ಪ್ರಯಾಣದ ಟಿಕೆಟ್‌ಗೆ ಈ ಲಾಭ ದೊರೆಯುತ್ತದೆ. ನಡುವೆ ಎಂಟು ಕಡೆಗಳವರೆಗೆ ಇಳಿದು ತಂಗಲೂ ಅವಕಾಶವಿದೆ. ಮಂಗಳೂರಿನಿಂದ ಸಕಲೇಶಪುರ, ಹಾಸನ, ಅರಸೀಕೆರೆ, ಹುಬ್ಬಳ್ಳಿ, ಲೋಂಡಾ, ಮಡಗಾಂವ್ ಮಾರ್ಗವಾಗಿ ಕರಾವಳಿಯಲ್ಲಿ ಮರಳಿದರೆ ಸಹ್ಯಾದ್ರಿಯನ್ನು ಎರಡು ಕಡೆ ದಾಟಿದಂತಾಗುತ್ತದೆ. ಮಾರ್ಗವನ್ನು ಮೊದಲೇ ಬರೆದುಕೊಂಡು ರೈಲ್ವೆ ಕಚೇರಿಯಲ್ಲಿ ವಿಚಾರಿಸಬೇಕು, ಅಷ್ಟೆ.

ಪ್ರವಾಸಿಗನ ಹಣದ ಉಳಿತಾಯ ನಮಗೇಕೆ ಎಂದು ಕೇಳಬಹುದು. 2018ರ ಆಗಸ್ಟ್‌ನಲ್ಲಿ ಶಿರಾಡಿಯ ರಸ್ತೆ, ರೈಲು ಎರಡೂ ಗುಡ್ಡ ಕುಸಿದು ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ವಾಹನ ಹೆಚ್ಚಿದಷ್ಟೂ ರಸ್ತೆ ಅಗಲಿಸಬೇಕೆಂಬ ಕೂಗು ಹೆಚ್ಚುತ್ತದೆ. ಅಗಲಿಸಿದಷ್ಟೂ ಗುಡ್ಡದ ಬುಡ ಕಡಿಯಬೇಕಾಗುತ್ತದೆ. ರೈಲೂ ನಿರ್ದೋಷಿಯಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 57 ಸುರಂಗಗಳನ್ನು ಕೊರೆದೇ ಹಳಿ ಹಾಸಲಾಗಿದೆ. ಆ ಬೆಲೆಯನ್ನು ಕಾಡು ಆಗಲೇ ತೆತ್ತಿದೆ. ಅಷ್ಟು ತೆತ್ತ ಮೇಲೆಯೂ ಆ ಹಳಿಯನ್ನು ಬದಿಗಿಟ್ಟು ಮತ್ತೆ ರಸ್ತೆಗಾಗಿ ಗುಡ್ಡ ಕಡಿಯುವುದು ಯಾವ ನ್ಯಾಯ? ಹುಬ್ಬಳ್ಳಿ–ಅಂಕೋಲಾ ಹೊಸ ಮಾರ್ಗಕ್ಕೆ ಕಾಡು ಕೊಡಬಾರದೆನ್ನುವ ನಮಗೆ, ಇರುವ ಹಳಿಯನ್ನು ಪೂರ್ಣವಾಗಿ ಬಳಸಿ ತೋರಿಸುವ ಹೊಣೆಯೂ ಇದೆ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಎರಡೂ ನಿಲ್ದಾಣಗಳ ರೈಲು ವೇಳಾಪಟ್ಟಿ ಕನ್ನಡದಲ್ಲಿಯೂ ಇರಬೇಕು. ರೈಲುಗಳ ವೇಳೆಗೆ ಹೊಂದುವಂತೆ ಬಸ್ಸು ಓಡಬೇಕು. ಇದನ್ನು ನಾವು ಒತ್ತಾಯಿಸೋಣ. ಆದರೆ ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದುದೂ ಇದೆ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ರಸ್ತೆಯ ನಕ್ಷೆಗಿಂತ ಮೊದಲು ರೈಲಿನ ವೇಳೆಯನ್ನು ತಿಳಿಸಲಿ. ನೆಟ್ಟಣಕ್ಕೋ ಸಕಲೇಶಪುರಕ್ಕೋ ಊರಿನ ಜೀಪು ಕಳುಹಿಸಲಿ. ಆ ಬಾಡಿಗೆ ಊರಿನಲ್ಲೇ ಉಳಿಯುತ್ತದೆ. ವಿದ್ಯಾರ್ಥಿಗಳು ತಮ್ಮೂರಿನ ಸಮೀಪದ ನಿಲ್ದಾಣದ ವೇಳಾಪಟ್ಟಿಯನ್ನು ಬರೆದು ಅಂಗಡಿಗಳಲ್ಲಿ ಅಂಟಿಸಲಿ. ಹಳಿಯ ಮೇಲೆ ಚಾರಣ ಹೋಗಬಯಸುವ ಅತಿಥಿಗಳಿಗೆ, ಅದು ನಿಷಿದ್ಧವೆಂದೂ ಜೀವಕ್ಕೆ ಅಪಾಯವೆಂದೂ ಸ್ಪಷ್ಟವಾಗಿ ಹೇಳಲಿ.

ಬಂದವರು ನಾಲ್ಕು ಕಾಸು ಉಳಿಸಿಕೊಳ್ಳಲಿ; ನಮ್ಮ ಗುಡ್ಡಗಳೂ ಉಳಿಯಲಿ.