ಮನೆದೇವರು@123

ನಮ್ಮಲ್ಲಿ ಮನೆದೇವರಿಗೆ ಎಷ್ಟು ಕೆಲಸ ನೋಡಿ. ಮನೆ ಕಾಯಬೇಕು, ಮಕ್ಕಳನ್ನು ಪಾಸು ಮಾಡಿಸಬೇಕು, ಈಗ ಇಮೇಲನ್ನೂ ಕಾಯಬೇಕು! ಯಾರಾದರೂ ಪಾಸ್‌ವರ್ಡ್ ಟೈಪ್ ಮಾಡುವಾಗ ನಾನು ಮುಖ ಆಚೆ ತಿರುಗಿಸುವವನು. ಆದರೆ ಬಾಯಲ್ಲೇ ಮಣಮಣ ಅಂದುಕೊಂಡು ಟೈಪಿಸುವವರಿಗೆ ಏನು ಹೇಳೋಣ? ಕೇಳಿಸುವುದು ಹೆಚ್ಚೂಕಮ್ಮಿ ಒಂದೇ: ದೇವರ ಹೆಸರೋ ಮಗಳ ಹೆಸರೋ, ಒಂದು @, ಆಮೇಲೆ 123.

ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ತಪ್ಪು ನಿಯಮದ್ದು. 'ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು, 45 ದಿನಕ್ಕೊಮ್ಮೆ ಬದಲಾಯಿಸಲೇಬೇಕು' ಅಂತ ಕಂಪ್ಯೂಟರ್ ಹಟ ಹಿಡಿದರೆ ಮನುಷ್ಯ ಏನು ಮಾಡುತ್ತಾನೆ? ಮೊದಲಕ್ಷರ ದೊಡ್ಡದು ಮಾಡಿ ಕೊನೆಗೊಂದು 1 ಅಂಟಿಸುತ್ತಾನೆ. 45 ದಿನ ಕಳೆದರೆ 1 ಹೋಗಿ 2. ಕೆಲವರ ಪಾಸ್‌ವರ್ಡಿನ ಬಾಲ ನೋಡಿದರೆ ಅವರ ಸರ್ವಿಸ್ ಎಷ್ಟು ವರ್ಷ ಅಂತ ಲೆಕ್ಕ ಹಾಕಬಹುದು :-)

ಇಂಥ ನಿಯಮಗಳು ಹಬ್ಬಲು ಮುಖ್ಯ ಕಾರಣ 2003ರಲ್ಲಿ ಅಮೆರಿಕದ ನಿಸ್ಟ್ ಎಂಬ ಸರ್ಕಾರಿ ಸಂಸ್ಥೆಗಾಗಿ ಬಿಲ್ ಬರ್ ಎಂಬವರು ಬರೆದ ಒಂದು ಕೈಪಿಡಿ. ತಮಾಷೆ ಏನೆಂದರೆ, ಆಗ ಬರೆದುದರಲ್ಲಿ ಬಹುಪಾಲಿನ ಬಗ್ಗೆ ತಮಗೆ ವಿಷಾದವಿದೆ ಅಂತ 2017ರಲ್ಲಿ ಅವರೇ ಪತ್ರಿಕೆಗೆ ಹೇಳಿದರು. ಅದೇ ವರ್ಷ ನಿಸ್ಟ್ ಕೂಡ ಮಾತು ಬದಲಿಸಿತು: ಸೋರಿದ ಸುಳಿವಿಲ್ಲದೆ ಬದಲಾಯಿಸಿ ಅನ್ನಬೇಡಿ, ಚಿಹ್ನೆಗಳ ಹಟ ಬಿಡಿ, ಕನಿಷ್ಠ 64 ಅಕ್ಷರ ಹಿಡಿಸುವಷ್ಟು ಜಾಗ ಕೊಡಿ. ಎಷ್ಟೋ ಆಫೀಸುಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಪಾಸ್‌ವರ್ಡ್ ಒಡೆಯುವವನು ಕೂತು ಊಹಿಸುವುದಿಲ್ಲ ಸ್ವಾಮಿ, ಅವನ ಹತ್ತಿರ ಪಟ್ಟಿ ಇರುತ್ತದೆ. 2009ರ ಡಿಸೆಂಬರಿನಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್ ಸೋರಿದವು. ಗೂಢಲಿಪಿಯೂ ಇಲ್ಲ, ಏನೂ ಇಲ್ಲ, ಇದ್ದದ್ದು ಇದ್ದ ಹಾಗೇ. ಮೊದಲ ಸ್ಥಾನ 123456ಕ್ಕೆ! 'ಎ' ಬದಲು @ ಹಾಕುವ ನಮ್ಮ ಜಾಣತನವೂ ಒಡೆಯುವ ಪ್ರೋಗ್ರಾಮುಗಳಿಗೆ ಎಂದೋ ಗೊತ್ತು. ಒಂದು ಕಡೆ ಸೋರಿದ್ದೇ ನಿಮ್ಮ ಇಮೇಲಿಗೂ ಇದ್ದರೆ ಮುಗಿಯಿತು, 'ಪಾಸ್‌ವರ್ಡ್ ಮರೆತಿರಾ?' ಒತ್ತಿ ಮಿಕ್ಕ ಬಾಗಿಲುಗಳನ್ನೂ ತೆಗೆಯಬಹುದು. ಅದರ ಮೇಲೆ 'ಹುಟ್ಟಿದ ಊರು ಯಾವುದು' ಎಂಬ ಗುಟ್ಟಿನ ಪ್ರಶ್ನೆ ಬೇರೆ. ಊರನ್ನೇ ಇನಿಷಿಯಲ್ ಮಾಡಿಕೊಂಡು ತಿರುಗುವ ನಮಗೆ ಅದೆಂಥ ಗುಟ್ಟು?

ನನ್ನ ಕೇಳಿದರೆ ಕನ್ನಡವನ್ನೇ ಹಿಡಿಯಿರಿ. ನಿಘಂಟನ್ನು ಕಣ್ಣು ಮುಚ್ಚಿ ತೆರೆದು ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆಯಿರಿ. ಒರಳು-ಜಿಗಣೆ-ಟಪಾಲು-ಮಜ್ಜಿಗೆ-ಏಣಿ, ಹೀಗೆ. (ಇದನ್ನೇ ಇಟ್ಟುಕೊಳ್ಳಬೇಡಿ ಮತ್ತೆ!) ಗಾದೆ, ಸಿನಿಮಾ ಹಾಡು ಬೇಡ, ಅವು ಎಲ್ಲರ ಬಾಯಲ್ಲೂ ಇವೆ. ಒಂದೇ ತೊಡಕು, 'ತ'ಕ್ಕೆ ಎಚ್ ಹಾಕಿದ್ದೆನೋ ಇಲ್ಲವೋ ಎಂಬುದು. ಏಕಾರಕ್ಕೆ ಒಂದು ಇ ಯೋ ಎರಡೋ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ.

ಇಂಥದ್ದು ಒಂದು ಸಾಕು, ಪಾಸ್‌ವರ್ಡ್ ಮ್ಯಾನೇಜರಿಗೆ. ಮಿಕ್ಕ ಕಡೆಗೆಲ್ಲ ಬೇರೆ ಬೇರೆಯದನ್ನು ಅದೇ ಹುಟ್ಟಿಸಿ ನೆನಪಿಟ್ಟುಕೊಳ್ಳುತ್ತದೆ. ಮರೆಯುವ ಭಯವಿದ್ದರೆ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ನೋಟಿನ ಜೊತೆ ಇಡಿ, ಪರವಾಗಿಲ್ಲ. ಮಾನಿಟರಿಗೆ ಮಾತ್ರ ಅಂಟಿಸಬೇಡಿ. ಅಲ್ಲಿ ಮನೆದೇವರ ಫೋಟೋ ಇರಲಿ.