ದಬ್ಬೆ ಕಟ್ಟಿದ ಕೈಗೆ ದಾಖಲೆ ಎಲ್ಲಿ?

ಬಳ್ಳಾರಿ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿರುವ ರಾಯಚೂರು ಜಿಲ್ಲೆಯ ಮಟಮಾರಿಯಂಥ ಊರುಗಳಲ್ಲಿ, ಬೈಕ್ ಅಪಘಾತದಲ್ಲಿ ಕೈಕಾಲು ಮುರಿದರೆ ಅನೇಕರು ಮೊದಲು ನೆನೆಯುವುದು ನಾಟಿ ಮೂಳೆವೈದ್ಯರನ್ನು. ನಮ್ಮ ಕರಾವಳಿಯೂ ಇದಕ್ಕೆ ಹೊರತಲ್ಲ. ಅವರ ಕೈಗುಣವನ್ನು ನಾವು ಹಳಿಯುತ್ತಿಲ್ಲ. ತೊಡಕು ಬರುವುದು ವಿಮಾ ಪರಿಹಾರಕ್ಕಾಗಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದಾಗ. ಬಿದಿರು ದಬ್ಬೆಗೆ ರಸೀದಿ ಇರುವುದಿಲ್ಲ! ಎಫ್‌ಐಆರ್, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಎಕ್ಸ್‌ರೇ ಇಲ್ಲದಿದ್ದರೆ, ಗಾಯ ಅದೇ ಅಪಘಾತದಲ್ಲಿ ಆಯಿತೆಂದು ತೋರಿಸುವುದು ಕಷ್ಟ. ವಿಮಾ ಕಂಪನಿಯ ವಕೀಲರು ಹಿಡಿಯುವುದೂ ಅಲ್ಲೇ.

2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂಗ ಎಷ್ಟು ಶೇಕಡಾ ಕುಂದಿತು ಎಂಬುದಷ್ಟೇ ಅಲ್ಲ, ಅದರಿಂದ ದುಡಿಮೆ ಎಷ್ಟು ಕುಂದಿತು ಎಂಬುದನ್ನು ನೋಡಬೇಕೆಂದಿತು. ಕೂಲಿಕಾರರಿಗೆ ಇದು ದೊಡ್ಡ ಆಸರೆ. ಆದರೆ ಅಂಗವೈಕಲ್ಯದ ಬಗ್ಗೆ ಸಾಕ್ಷಿ ನುಡಿಯಬೇಕಾದವರು ಆಸ್ಪತ್ರೆಯ ವೈದ್ಯರೇ.

2022ರ ಏಪ್ರಿಲ್‌ನಿಂದ ಅರ್ಜಿಗೆ ಆರು ತಿಂಗಳ ಗಡುವಿದೆ. ತಡವಾಯಿತೆಂದು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಮಧ್ಯಂತರ ಆದೇಶವಷ್ಟೆ. ಅದನ್ನೇ ನೆಚ್ಚಿ ಕೂರುವಂತಿಲ್ಲ.

ಆಸ್ಪತ್ರೆಯ ಖರ್ಚಿಗೆ ಹೆದರಿ ಹಿಂಜರಿಯುವವರಿಗೆ ಧರ್ಮಕೇಂದ್ರದ ಕಾರ್ಯಕರ್ತರು ಒಂದು ಮಾತು ತಿಳಿಸಬೇಕು: 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ.